ಗಾಳಿ ಸುರಂಗ ನಮ್ಮ ನೆಲದಲ್ಲಿ, ಜೀವ ಉಳಿಸುವ ಮಾತು ಯಾರ ಭಾಷೆಯಲ್ಲಿ?



ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರಸ್ತೆ ಅಂತ ಒಂದಿದೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಬಾಡಿಗೆ ಮನೆ ಹುಡುಕಿದ್ದೀರಿ, ಆಟೋದವರ ಹತ್ತಿರ ಜಗಳ ಆಡಿದ್ದೀರಿ. ಆ ಹೆಸರು ಯಾಕೆ ಬಂತು ಅಂತ ಯಾರಾದರೂ ನಿಮಗೆ ಕನ್ನಡದಲ್ಲಿ ಹೇಳಿದ್ದಾರೆಯೇ? ನಾವು ಹೇಳುತ್ತೇವೆ, ಕೇಳಿ.

ಅಲ್ಲಿರುವುದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್.ನ ಗಾಳಿ ಸುರಂಗ. 1967ರಲ್ಲಿ ಶುರುವಾದದ್ದು. ಆಕಾಶದಲ್ಲಿ ಗಾಳಿಯನ್ನು ಸೀಳಿಕೊಂಡು ವಿಮಾನ ಓಡುತ್ತದೆ. ಇಲ್ಲಿ ವಿಮಾನ ನಿಂತಿರುತ್ತದೆ, ಗಾಳಿ ಓಡುತ್ತದೆ. ದೈತ್ಯ ಟ್ಯಾಂಕುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿ ಒಮ್ಮೆಲೇ ಬಿಡುತ್ತಾರೆ. 1.2 ಮೀಟರ್ ಅಗಲದ ಸುರಂಗದಲ್ಲಿ ನಿಲ್ಲಿಸಿದ ಪುಟ್ಟ ಮಾದರಿಯ ಮೇಲೆ ಶಬ್ದದ ವೇಗದ ನಾಲ್ಕು ಪಟ್ಟಿನವರೆಗೆ ಗಾಳಿ ನುಗ್ಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು! ಅಷ್ಟರಲ್ಲಿ ರೆಕ್ಕೆ ಎಷ್ಟು ಎತ್ತುತ್ತದೆ, ಎಲ್ಲಿ ನಡುಗುತ್ತದೆ, ಯಾವ ಕೋನದಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಸಿಕ್ಕಿರುತ್ತದೆ. ಪಿ.ಎಸ್.ಎಲ್.ವಿ. ರಾಕೆಟ್ಟಿನ ಮಾದರಿ, ತೇಜಸ್ ಯುದ್ಧವಿಮಾನದ ಮಾದರಿ ಪರೀಕ್ಷೆಗೆ ನಿಂತದ್ದು ಇಲ್ಲಿಯೇ. ತಪ್ಪು ಆಗುವುದಿದ್ದರೆ ಮಾದರಿಗೆ ಆಗಲಿ, ಮನುಷ್ಯನಿಗೆ ಬೇಡ ಅನ್ನುವುದೇ ಇದರ ಲೆಕ್ಕಾಚಾರ.

ಅಲ್ಲಿಂದ ಸ್ವಲ್ಪ ದೂರ, ವಿಮಾನಪುರದಲ್ಲಿ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ. 1957ರಿಂದ ಇದೆ. ಅಲ್ಲಿ ಒಂದು ಕೋಣೆ. ಒಳಗಿನ ಗಾಳಿಯನ್ನು ಹೊರಗೆಳೆದು, ಕೂತ ಜಾಗದಲ್ಲೇ ಮನುಷ್ಯನನ್ನು ಸಾವಿರಾರು ಅಡಿ ಮೇಲಕ್ಕೆ ಒಯ್ದಂತೆ ಮಾಡುತ್ತಾರೆ. ಆಮ್ಲಜನಕ ಕಡಿಮೆಯಾದರೆ ಏನಾಗುತ್ತದೆ ಗೊತ್ತೇ? ನೋವಿಲ್ಲ, ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ. ಖುಷಿ ಖುಷಿಯಾಗಿ ಬುದ್ಧಿ ಮಂಕಾಗುತ್ತದೆ. ಕೂಡುವ ಲೆಕ್ಕ ತಪ್ಪುತ್ತದೆ, ಕೈಬರಹ ಹಾದಿ ಬಿಡುತ್ತದೆ, ಮನುಷ್ಯ ಮಾತ್ರ ‘ನಾನು ಚೆನ್ನಾಗಿದ್ದೇನೆ’ ಅನ್ನುತ್ತಿರುತ್ತಾನೆ. 35,000 ಅಡಿಯಲ್ಲಿ ವಿಮಾನದ ಒತ್ತಡ ಹೋದರೆ ನೆಟ್ಟಗೆ ಯೋಚಿಸಲು ಸಿಗುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಮೇಲಿನಿಂದ ಮುಖವಾಡ ಬಿದ್ದಾಗ ‘ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ’ ಅನ್ನುವುದು ಅದಕ್ಕೇ.

ಈಗ ಹೇಳಿ. ಯಾವ ತಾಯಿ ತನ್ನ ಮೂಗಿಗೆ ಮೊದಲು ಹಾಕಿಕೊಳ್ಳುತ್ತಾಳೆ? ಮಗುವಿಗೇ ಮೊದಲು ಕೈ ಹೋಗುವುದು. ಅದು ತಪ್ಪು, ಹಾಗೆ ಮಾಡಿದರೆ ಇಬ್ಬರೂ ಉಳಿಯಲಿಕ್ಕಿಲ್ಲ ಅಂತ ಆ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕಲ್ಲವೇ? ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ವಿಮಾನದಲ್ಲಿ ನಾನು ಕೂತಿದ್ದೆ. ಪಕ್ಕದಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಅಜ್ಜಿ. ‘ನಮಸ್ಕಾರ, ಸ್ವಾಗತ’ ಅಂತ ಎರಡು ಸಾಲು ಕನ್ನಡ ಬಂತು, ಅಜ್ಜಿ ಕೈಮುಗಿದರು. ಆಮೇಲೆ ಬೆಲ್ಟು, ಮುಖವಾಡ, ತುರ್ತು ಬಾಗಿಲು, ಎಲ್ಲ ಇಂಗ್ಲಿಷು, ಹಿಂದಿ. ‘ಆ ಹುಡುಗಿ ಏನಂತಾಳಪ್ಪಾ?’ ಅಂತ ಅಜ್ಜಿ ನನ್ನನ್ನು ಕೇಳಿದರು. ಸ್ವಾಗತಕ್ಕೆ ಕನ್ನಡ, ಪ್ರಾಣಕ್ಕೆ ಬೇರೆ ಭಾಷೆ! ಇದಕ್ಕಿಂತ ಅಣಕ ಬೇಕೇ?

ದೊಡ್ಡ ವಿಮಾನಕ್ಕೆ ಪರವಾನಗಿ ಕೊಡುವ ಮೊದಲು, ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬಲ್ಲರು ಅಂತ ತೋರಿಸಬೇಕು. ಆ ಪರೀಕ್ಷೆಯಲ್ಲಿ ಇಳಿಯುವವರಿಗೆ ಹೇಳಿದ ಮಾತು ಅರ್ಥವಾಗಿರುತ್ತದೆ. ನಮ್ಮ ಅಜ್ಜಿಗೆ ಅರ್ಥವಾಗದೆ ಹೋದರೆ ಆ 90 ಸೆಕೆಂಡಿಗೆ ಏನು ಬೆಲೆ?

‘ವಿಜ್ಞಾನಕ್ಕೆ ಭಾಷೆ ಇಲ್ಲ’ ಅನ್ನುವ ಮಹಾನುಭಾವರಿದ್ದಾರೆ. ಸುರಂಗದ ಗಾಳಿಗೆ ಭಾಷೆ ಇಲ್ಲ, ಒಪ್ಪುತ್ತೇವೆ. ಆದರೆ ವಿಜ್ಞಾನಕ್ಕೆ ಜಮೀನು ಬೇಕಾಗಿತ್ತಲ್ಲ? ಟಾಟಾ ಇನ್‌ಸ್ಟಿಟ್ಯೂಟಿಗೆ ಸುಮಾರು 370 ಎಕರೆ ಕೊಟ್ಟದ್ದು ಮೈಸೂರು ಅರಸರು. 1942ರಲ್ಲಿ ವಿಮಾನ ಶಾಸ್ತ್ರದ ವಿಭಾಗ ಹುಟ್ಟಿದ್ದು ಅಲ್ಲಿ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟುವಾಗ ನೆಲ ಕೊಟ್ಟು ಪಾಲುದಾರನಾಗಿ ದುಡ್ಡು ಹಾಕಿದ್ದು ಮೈಸೂರು ಸರ್ಕಾರ. ಎನ್.ಎ.ಎಲ್. 1959ರಲ್ಲಿ ದೆಹಲಿಯಲ್ಲಿ ಹುಟ್ಟಿದರೂ ಮರುವರ್ಷವೇ ಬೆಂಗಳೂರಿಗೆ ಬಂದು, ಮೊದಲು ಕಾಲೂರಿದ್ದು ಅರಸರ ಕುದುರೆಲಾಯದಲ್ಲಿ. ಕೊಡುವಾಗ ನಾವು ಭಾಷೆ ಕೇಳಲಿಲ್ಲ. ಆ ದೊಡ್ಡತನವೇ ಈಗ ನಮ್ಮ ದಡ್ಡತನ ಆಗಿದೆ.

ಸಾಯುವ ಪಾಲೂ ನಮಗೇ ಬಂದಿದೆ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಪಕ್ಕ ಏರ್‌ಬಸ್ ಬಿದ್ದು 92 ಜನ ಸತ್ತರು. ಇಳಿಯುವಾಗ ಎಂಜಿನ್ನುಗಳು ಮಂದಗತಿಯಲ್ಲೇ ಇದ್ದುವು, ವೇಗ ಕುಸಿಯಿತು, ಕೊನೆಯ ಗಳಿಗೆಯಲ್ಲಿ ಎಚ್ಚೆತ್ತುಕೊಂಡರು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ. ದುಬೈಯಿಂದ ಬಂದ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿ ಕಮರಿಗೆ ಬಿತ್ತು. ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ, ಕ್ಯಾಪ್ಟನ್ ಕೇಳಲಿಲ್ಲ. ಇದೆಲ್ಲ ವಿಚಾರಣಾ ವರದಿಗಳಲ್ಲಿ ಇದೆ. ಮಗನನ್ನು ಕಳೆದುಕೊಂಡ ಕರಾವಳಿಯ ತಂದೆ ಆ ವರದಿಯನ್ನು ಕನ್ನಡದಲ್ಲಿ ಓದಿದ್ದಾನೆಯೇ? ನೀವು ಓದಿದ್ದೀರಾ?

2018ರಲ್ಲಿ ಕೇಂದ್ರ ಸರ್ಕಾರ ನಿಲ್ದಾಣದ ಪ್ರಕಟಣೆಗಳು ಮೊದಲು ಸ್ಥಳೀಯ ಭಾಷೆಯಲ್ಲಿ ಇರಲಿ ಅಂದಿತು. ಸಂತೋಷ. ಆದರೆ ಮುಖವಾಡ ಬೀಳುವುದು ನಿಲ್ದಾಣದಲ್ಲಲ್ಲ ಸ್ವಾಮಿ, ವಿಮಾನದೊಳಗೆ! ಮಂತ್ರಿಗಳು, ಸಂಸದರು ತಿಂಗಳಿಗೆ ಹತ್ತು ಸಲ ದೆಹಲಿಗೆ ಹಾರುತ್ತಾರೆ, ಇವರ ಕಿವಿಗೆ ಇದು ಬಿದ್ದಿಲ್ಲವೇ?

ನಾವು ಕೇಳುವುದು ಇಷ್ಟು. ಕರ್ನಾಟಕದಿಂದ ಏರುವ, ಕರ್ನಾಟಕಕ್ಕೆ ಇಳಿಯುವ ಪ್ರತಿ ವಿಮಾನದಲ್ಲಿ ಸುರಕ್ಷತೆಯ ಮಾತು ಪೂರ್ತಿ ಕನ್ನಡದಲ್ಲಿ ಬರಲಿ, ಸೀಟಿನ ಮುಂದಿನ ಚೀಟಿಯೂ ಕನ್ನಡದಲ್ಲಿರಲಿ. ಕರ್ನಾಟಕದಲ್ಲಿ ನಡೆದ ಅಪಘಾತಗಳ ವರದಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಗಾಳಿ ಸುರಂಗದ ವಿಜ್ಞಾನಿಗಳು ನಮ್ಮ ಸರ್ಕಾರಿ ಶಾಲೆಯ ಮಕ್ಕಳನ್ನು ಒಳಗೆ ಕರೆದು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕನ್ನಡದಲ್ಲಿ ವಿವರಿಸಲಿ.

ಮುಂದಿನ ಸಲ ನೀವು ವಿಮಾನ ಹತ್ತಿದಾಗ ಸುಮ್ಮನೆ ಕೂರಬೇಡಿ. ಬೆಲ್ಟು ತೋರಿಸುವ ಹುಡುಗಿ ನಿಮ್ಮ ಮುಂದೆ ಬಂದು ನಿಂತಾಗ ‘ಕನ್ನಡದಲ್ಲಿ ಹೇಳಮ್ಮಾ’ ಅನ್ನಿ. ಆ ಮಗುವಿನ ಮೇಲೆ ರೇಗಬೇಡಿ, ಅವಳದು ಹೊಟ್ಟೆಪಾಡು. ಇಳಿದ ಮೇಲೆ ಕಂಪನಿಗೆ ದೂರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ.