ಮಾತಿಲ್ಲದ ರೋಗಿ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುತ್ತದೆ. ವೈದ್ಯ, ಔಷಧ, ಉಪಚಾರಕ, ರೋಗಿ ಎಂಬಿವೇ ಆ ನಾಲ್ಕು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿ, ರೋಗಿಯ ಗುಣಗಳಲ್ಲಿ ಜ್ಞಾಪಕತ್ವವೆಂಬುದನ್ನೂ ಎಣಿಸಿದ್ದಾರೆ. ಎಂದರೆ, ತನಗೆ ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಎಂಬುದನ್ನು ವೈದ್ಯನಿಗೆ ತಿಳಿಯಹೇಳುವ ಶಕ್ತಿ. ಈ ಗುಣವೊಂದು ಇಲ್ಲದ ರೋಗಿಯ ಗತಿಯೇನೆಂಬುದನ್ನು ವಾಚಕರು ಕ್ಷಣಕಾಲ ಆಲೋಚಿಸಬೇಕು. ಎತ್ತಿಗೆ ಮಂಡಿ ನೊಂದರೆ ಅದು ಯಾರೊಡನೆ ಹೇಳಿಕೊಂಡೀತು? ಈ ತಿಂಗಳು ನಾವು ಬರೆಯಹೊರಟಿರುವುದು ಅಂತಹ ರೋಗಿಗಳ ವೈದ್ಯರನ್ನು ಕುರಿತು; ಅದರಲ್ಲಿಯೂ, ಓಡುವ ಮತ್ತು ದುಡಿಯುವ ಪ್ರಾಣಿಗಳ ಅಂಗಾಂಗಗಳ ನೋವನ್ನು ಕಂಡುಹಿಡಿದು ಅವುಗಳನ್ನು ಪುನಃ ನಡೆಯುವಂತೆ ಮಾಡುವ ವಿದ್ಯೆಯನ್ನು ಕುರಿತು.

ಪಶುವೈದ್ಯವು ನಮ್ಮ ನಾಡಿಗೆ ಹೊಸತಲ್ಲ. ಸಂಸ್ಕೃತದಲ್ಲಿ ಕುದುರೆಗಳ ವಿಷಯಕ್ಕೆ ಶಾಲಿಹೋತ್ರನ ಹೆಸರೂ ಆನೆಗಳ ವಿಷಯಕ್ಕೆ ಪಾಲಕಾಪ್ಯನ ಹೆಸರೂ ಪ್ರಸಿದ್ಧವಾಗಿರುವುವಷ್ಟೆ. ಕನ್ನಡದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ಆದರೆ ಓಟದ ಪ್ರಾಣಿಗಳ ವೈದ್ಯ ಹಾಗೂ ಅಂಗಪುನಶ್ಚೇತನವೆಂಬುದು ಪ್ರತ್ಯೇಕ ಶಾಖೆಯಾಗಿ ಬೆಳೆದುದು ಈಚೆಗೆ. ಅಮೆರಿಕದ ಪಶುವೈದ್ಯ ಸಂಘದವರು ಈ ಶಾಖೆಯ ತಜ್ಞಮಂಡಲಿಗೆ ಮನ್ನಣೆ ಕೊಟ್ಟುದು 2010ರಲ್ಲಿ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಲವಾಗಿಯೇ ಇದೆ. ನಮ್ಮದು ಹಳ್ಳಿಕಾರ್ ತಳಿಯ ಸೀಮೆ. ದುಡಿಮೆಗೂ ನಡಿಗೆಗೂ ಹೆಸರಾದ ಈ ತಳಿಯ ಚಿತ್ರವನ್ನು 2000ದಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮುದ್ರಿಸಿದರು. ಟ್ರ್ಯಾಕ್ಟರು ಬಂದು ಉಳುಮೆಯು ಕಡಿಮೆಯಾಗಿದ್ದರೂ, ಜೋಡಿ ಎತ್ತು ಕಟ್ಟಿರುವ ಮನೆಯ ಗೌರವವು ಇನ್ನೂ ಕುಂದಿಲ್ಲ; ಎತ್ತಿನ ಗಾಡಿಯ ಓಟದ ಹುರುಪೂ ಇಳಿದಿಲ್ಲ. ಮಾಗಡಿಗೆ ನೆರೆಯದಾದ ಕುಣಿಗಲಿನಲ್ಲಿ ಹೈದರ್, ಟಿಪ್ಪುಗಳ ಕಾಲದಿಂದ ಕುದುರೆ ಸಾಕಣೆಯ ಪರಂಪರೆ ಉಂಟು. ಕಾಲಿನಿಂದಲೇ ಬೆಲೆ ಪಡೆಯುವ ಪ್ರಾಣಿಗಳು ಇವು. ಕಾಲು ಕುಂಟಿದ ದಿನ ಇವುಗಳ ಬೆಲೆಯೂ ಕುಂಟುತ್ತದೆ.

ಕುಂಟಿದ ಎತ್ತಿಗೆ ನಮ್ಮಲ್ಲಿ ಸಾಧಾರಣವಾಗಿ ನಡೆಯುವುದು ಎರಡೇ ಉಪಾಯ. ಒಂದು, ಸಿಕ್ಕಿದ ಬೆಲೆಗೆ ಮಾರಿಬಿಡುವುದು. ಇನ್ನೊಂದು, ಸೂಜಿ ಹಾಕಿಸಿ ಮರುದಿನವೇ ನೊಗಕ್ಕೆ ಹೂಡುವುದು. ಎರಡನೆಯದರ ಫಲವೇನಾಯಿತೆಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟವೇ ಸಾಕ್ಷಿ. ಈ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಹಾಗೆ ಕಾಪಾಡಬೇಕಾದ ದುರವಸ್ಥೆಯು ಈ ಪಕ್ಷಿಗಳಿಗೆ ಏಕೆ ಬಂದಿತೆಂದರೆ, ದನಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತಿದ್ದಿತು. ಈ ಕಾರಣವು 2004ರಲ್ಲಿ ಸಿದ್ಧಪಟ್ಟಿತು. ಪಶುಗಳಿಗೆ ಈ ಔಷಧವನ್ನು ಕೊಡುವುದನ್ನು ನಮ್ಮ ಸರ್ಕಾರವು 2006ರಲ್ಲಿ ನಿಷೇಧಿಸಿತು. ಇದೇ ಜಾತಿಯ ಇನ್ನೆರಡು ಔಷಧಗಳನ್ನು 2023ರಲ್ಲಿ ನಿಷೇಧಿಸಿತು. ನೋವಿನ ಔಷಧಗಳೆಲ್ಲವೂ ಕೆಟ್ಟುವೆಂದು ನಾವು ಹೇಳುವುದಿಲ್ಲ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಮುಂತಾದುವು ಇವೆ. ಬಲ್ಲ ವೈದ್ಯರು ಅವನ್ನು ಕೊಡುತ್ತಾರೆ. ನಮ್ಮ ಮಾತು ಇಷ್ಟೆ: ನೋವನ್ನು ಮುಚ್ಚುವುದು ಬೇರೆ, ಗುಣಪಡಿಸುವುದು ಬೇರೆ. ನೋವೇ ಆ ಮೂಕಪ್ರಾಣಿಗಿರುವ ಮಾತು. ಕಾರಣವನ್ನು ಹುಡುಕದೆ ಅದನ್ನು ಅಡಗಿಸಿ ದುಡಿಸಿದರೆ, ಸಣ್ಣ ಉಳುಕು ದೊಡ್ಡ ಊನವಾಗುತ್ತದೆ.

ಹಾಗಾದರೆ ಈ ಹೊಸ ಶಾಖೆಯ ವೈದ್ಯರು ಮಾಡುವುದೇನು? ಮೊದಲು, ನಡಿಗೆಯನ್ನು ಓದುತ್ತಾರೆ. ಮುಂಗಾಲು ಕುಂಟುವ ಕುದುರೆಯು ನೊಂದ ಕಾಲನ್ನು ಊರುವಾಗ ತಲೆಯನ್ನು ಮೇಲಕ್ಕೆತ್ತುತ್ತದೆ. ಒಳ್ಳೆಯ ಕಾಲನ್ನು ಊರುವಾಗ ತಗ್ಗಿಸುತ್ತದೆ. ನೋಡಬಲ್ಲ ಕಣ್ಣಿಗೆ ಇದೇ ಜ್ಞಾಪಕತ್ವ. ಅನಂತರ ಕೈಯಿಂದ ಮುಟ್ಟಿ ಬಿಸಿಯನ್ನೂ ಬಾವನ್ನೂ ತಿಳಿದು, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್‌ಗಳಿಂದ ಒಳಗನ್ನು ನೋಡುತ್ತಾರೆ. ಬಳಿಕ ವಿಶ್ರಾಂತಿ, ಅಂಗಮರ್ದನ, ಶಾಖ, ಶೈತ್ಯ, ಕ್ರಮವರಿತ ವ್ಯಾಯಾಮ ಇವುಗಳನ್ನು ದಿನಕ್ಕಿಷ್ಟೆಂದು ಗೊತ್ತುಮಾಡುತ್ತಾರೆ.

ನೀರಿನೊಳಗೆ ನಡೆಯಿಸುವುದು ಇವುಗಳಲ್ಲಿ ಮುಖ್ಯವಾದ ಒಂದು ಕ್ರಮ. ನಾಯಿಯನ್ನು ಸೊಂಟದ ಕೀಲಿನ ಮಟ್ಟದವರೆಗೆ ನೀರಿನಲ್ಲಿ ನಿಲ್ಲಿಸಿದರೆ, ಅದರ ಕಾಲುಗಳ ಮೇಲೆ ಬೀಳುವ ಭಾರವು ನೆಲದ ಮೇಲಿನದರಲ್ಲಿ ಶೇಕಡ 40ಕ್ಕಿಂತಲೂ ಕಡಿಮೆಯಾಗುತ್ತದೆಂದು ಅಳೆದು ನೋಡಿದ್ದಾರೆ. ಭಾರ ಕಡಿಮೆಯಾದುದರಿಂದ ಕೀಲಿಗೆ ನೋವಿಲ್ಲ. ನೀರು ಎದುರೊತ್ತುವುದರಿಂದ ಮಾಂಸಖಂಡಗಳಿಗೆ ಬಲ ಬರುತ್ತದೆ. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯೊಳಗೆ ಚಲಿಸುವ ಪಟ್ಟಿಯನ್ನಿಟ್ಟು ನಾಯಿಗಳನ್ನು ಹೀಗೆ ನಡೆಯಿಸುವ ಚಿಕಿತ್ಸಾಲಯಗಳಿವೆ. ಪಂದ್ಯದ ಕುದುರೆಗಳಿಗೆ ಈಜುಕೊಳವನ್ನೇ ಕಟ್ಟಿಸುವ ಪದ್ಧತಿಯುಂಟು.

ಎತ್ತಿನ ವಿಷಯದಲ್ಲಿಯೂ ಒಂದು ಉದಾಹರಣೆ ಕೊಡುವೆವು. ಕೆಲವು ಎತ್ತುಗಳು ಬೆಳಿಗ್ಗೆ ಎದ್ದು ಹೆಜ್ಜೆಯಿಡುವಾಗ ಹಿಂಗಾಲು ಹಿಂದಕ್ಕೆ ಸೆಟೆದು ನಿಲ್ಲುತ್ತದೆ. ಗೊರಸಿನ ತುದಿ ನೆಲವನ್ನು ಗೀರುತ್ತದೆ. ಅನಂತರ ಥಟ್ಟನೆ ಬಿಡಿಸಿಕೊಂಡು ಮುಂದಕ್ಕೆ ಚಿಮ್ಮುತ್ತದೆ. ಇದು ಮಂಡಿಯ ಚಿಪ್ಪು ಮೇಲೆ ಸಿಕ್ಕಿಕೊಳ್ಳುವ ದೋಷ. ಇಂತಹ ಎತ್ತನ್ನು ಊನವಾಯಿತೆಂದು ಜಾತ್ರೆಗೆ ಹೊಡೆದುಕೊಂಡು ಹೋಗುವವರಿದ್ದಾರೆ. ಆದರೆ ಚಿಪ್ಪನ್ನು ಹಿಡಿದಿರುವ ಕಟ್ಟುಗಳಲ್ಲಿ ಒಳಮಗ್ಗುಲಿನ ಒಂದನ್ನು ಕತ್ತರಿಸುವ ಸಣ್ಣ ಶಸ್ತ್ರಕ್ರಿಯೆಯಿಂದ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಆ ಮೇಲಿನ ವಿಶ್ರಾಂತಿಯನ್ನು ಸರಿಯಾಗಿ ನಡೆಯಿಸಿದರೆ ಎತ್ತು ಮತ್ತೆ ಗಾಡಿಗೆ ಬರುತ್ತದೆ.

ಇಲ್ಲಿ ಈ ವೃತ್ತಿಯ ಧರ್ಮಸಂಕಟವನ್ನು ಹೇಳಬೇಕು. ರೋಗಿಯು ಒಬ್ಬ, ಹಣ ಕೊಡುವವನು ಇನ್ನೊಬ್ಬ. ಕುದುರೆಯ ಮುಂಗಾಲಿನ ಹಿಂಬದಿಯಲ್ಲಿ ಮಾಂಸವನ್ನು ಎಲುಬಿಗೆ ಬಿಗಿಯುವ ಕಂಡರವೆಂಬ ಹುರಿಯಿದೆ. ಓಟದಲ್ಲಿ ಅದರ ಎಳೆಗಳು ಹರಿದರೆ, ಮೊದಲಿನ ಬಲಕ್ಕೆ ಸಮೀಪವಾಗಿ ಕೂಡಿಕೊಳ್ಳಲು ಒಂಬತ್ತು ತಿಂಗಳಾಗಬಹುದು, ಒಂದು ವರ್ಷವಾದರೂ ಆಗಬಹುದು. ಬಾವು ಇಳಿದು ನೋವು ಹೋಗುವುದು ಮಾತ್ರ ಅದಕ್ಕೆ ಬಹಳ ಮುಂಚೆ. ಆಗ ಒಡೆಯನು, “ಸ್ವಾಮಿ, ಕುದುರೆ ಸರಿಹೋಯಿತಲ್ಲ, ಮುಂದಿನ ಪಂದ್ಯಕ್ಕೆ ಬಿಡೋಣವೆ?” ಎಂದು ಕೇಳುತ್ತಾನೆ. “ಇನ್ನೂ ಆಗದು” ಎನ್ನುವ ಧೈರ್ಯವು ಯಾವ ವೈದ್ಯನಿಗುಂಟೋ ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಕರಾವಳಿಯ ಕಂಬಳಕ್ಕೂ ನಮ್ಮ ಗಾಡಿ ಓಟಕ್ಕೂ ಅನುಮತಿ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾನೂನನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಓಟಕ್ಕೆ ಅನುಮತಿ ದೊರೆತಷ್ಟೂ ಇಂತಹ ವೈದ್ಯರ ಅವಶ್ಯಕತೆಯು ಹೆಚ್ಚಿತೆಂದೇ ನಾವು ತಿಳಿಯುತ್ತೇವೆ.

ಕನಕಪುರದ ಕಡೆಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ಮಗಳು ಪಶುವೈದ್ಯವನ್ನೇ ಓದುತ್ತೇನೆ, ಕುಂಟುವ ಪ್ರಾಣಿಗಳನ್ನೇ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ. ದನ ಕಾಯುವುದಕ್ಕೆ ಇಷ್ಟು ಓದೇಕೆಂದು ನೆಂಟರು ನಗುತ್ತಾರೆ. ಏನು ಮಾಡಲಿ?” ಅವರಿಗೆ ಹೇಳಿದುದನ್ನೇ ಇಲ್ಲಿಯೂ ಬರೆಯುತ್ತೇವೆ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನು ಓದಿ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಐದೂವರೆ ವರ್ಷಗಳ ಪದವಿಯ ಶಿಕ್ಷಣವಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಸ್ಥಾಪಿತವಾದುದು. ನಮ್ಮ ಸೀಮೆಗೆ ಅದೇ ಹತ್ತಿರ. ಬೀದರ, ಶಿವಮೊಗ್ಗ, ಹಾಸನಗಳಲ್ಲಿಯೂ ಕಾಲೇಜುಗಳಿವೆ. ಪದವಿಯ ತರುವಾಯ ಶಸ್ತ್ರವೈದ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಆಮೇಲೆ ಅಂಗಪುನಶ್ಚೇತನದ ವಿಶೇಷ ತರಬೇತಿಯನ್ನು ಪಡೆಯಬಹುದು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾನೂನಿನಂತೆ ನೋಂದಣಿಯಾದ ವೈದ್ಯರೇ ಈ ಚಿಕಿತ್ಸೆಗೆ ಹೊಣೆ. ಅಲ್ಪಕಾಲದ ಪ್ರಮಾಣಪತ್ರವನ್ನು ಮಾತ್ರ ನಂಬಿ ಯಾರೂ ಹಣ ಕಳೆದುಕೊಳ್ಳಬಾರದು. ಕೆಲಸಕ್ಕೆ ಕುದುರೆ ಪಂದ್ಯದ ಸಂಸ್ಥೆಗಳುಂಟು, ಸಾಕುನಾಯಿಗಳ ಚಿಕಿತ್ಸಾಲಯಗಳುಂಟು, ಪೊಲೀಸು ನಾಯಿಗಳುಂಟು, 1779ರಿಂದ ನಡೆದುಬಂದಿರುವ ಸೈನ್ಯದ ಪಶುವೈದ್ಯ ದಳವುಂಟು. ಚನ್ನಪಟ್ಟಣದ ಮರದ ಕುದುರೆಯ ಕಾಲು ಮುರಿದರೆ ಅಂಟು ಹಾಕಿ ಕೂಡಿಸುವವನನ್ನು ಕುಶಲಿಯೆಂದು ಹೊಗಳುವ ನಾವು, ಜೀವವಿರುವ ಕುದುರೆಯ ಕಾಲನ್ನು ಉಳಿಸುವವಳನ್ನು ನೋಡಿ ನಗುವುದುಚಿತವೆ?

ಕಡೆಗೆ, ಮನೆಯವರ ಪಾಲಿನ ಮಾತು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಉಪಚಾರಕನ ಪಾದವು ನಮ್ಮದು. ನೊಗಕ್ಕೆ ಕಟ್ಟುವ ಜೋಡಿಯು ಎತ್ತರದಲ್ಲಿ ಸಮನಾಗಿರಲಿ. ನೊಗದ ಒರಟನ್ನು ನುಣುಪುಮಾಡಿರಿ; ಹೆಗಲು ಬಾತಿದ್ದರೆ ಬಾವು ಇಳಿಯುವವರೆಗೆ ಹೂಡಬೇಡಿರಿ. ಜಾರುವ ನೆಲದಲ್ಲಿ ಪ್ರಾಣಿಗಳನ್ನು ಕಟ್ಟಬೇಡಿರಿ. ದಿನಕ್ಕೊಂದು ಬಾರಿ ಗಟ್ಟಿನೆಲದ ಮೇಲೆ ಅವುಗಳನ್ನು ನಡೆಯಿಸಿ, ಹಿಂದಿನಿಂದಲೂ ಪಕ್ಕದಿಂದಲೂ ನೋಡಿರಿ. ಹೆಜ್ಜೆ ಮೋಟಾಯಿತೆ, ಮಲಗಿ ಏಳುವಾಗ ತಡವಾಯಿತೆ, ಒಂದೇ ಕಾಲಿಗೆ ಪದೇಪದೇ ವಿಶ್ರಾಂತಿ ಕೊಡುತ್ತಿದೆಯೆ ಎಂಬುದನ್ನು ಗುರುತುಹಾಕಿಕೊಂಡು ವೈದ್ಯರಿಗೆ ಹೇಳಿರಿ. ವೈದ್ಯರು ಮೂರು ವಾರ ವಿಶ್ರಾಂತಿಯೆಂದರೆ ಮೂರು ವಾರವೆಂದೇ ನಡೆಯಿರಿ. ರೋಗಿಗೆ ನಾಲಗೆಯಿಲ್ಲದಿರುವಲ್ಲಿ ಒಡೆಯನ ಕಣ್ಣೇ ಅದಕ್ಕೆ ನಾಲಗೆಯಾಗತಕ್ಕದ್ದು.