ಕಣ್ಣಿನ ಬೇನೆಗೆ ಎದೆಯ ಸಾಕ್ಷಿ

ಕಣ್ಣು ಕೆಂಪಾದೊಡನೆ, ಕಲ್ಮಲವಾಗಲಿ ದೇವದುರ್ಗ, ಮಾನ್ವಿಗಳಾಗಲಿ, ನಾವು ಹೇಳಿಕೊಳ್ಳುವ ಕಾರಣ ಒಂದೇ: ಧೂಳು ಬಿದ್ದಿದೆ, ಇಲ್ಲವೆ ಕಣ್ಣು ಬಂದಿದೆ. ಅಂಗಡಿಯಿಂದ ತಂದ ಹನಿಮದ್ದಿಗೆ ಕೆಂಪು ಇಳಿದರೆ ರೋಗವೇ ಹೋಯಿತೆಂದು ನೆಮ್ಮದಿ ತಾಳುತ್ತೇವೆ. ಆದರೆ ಕಣ್ಣು ನೋಯುತ್ತ, ಬೆಳಕನ್ನು ಸಹಿಸದೆ, ದೃಷ್ಟಿ ಮಬ್ಬಾಗಿ, ಬೇನೆಯು ಮತ್ತೆ ಮತ್ತೆ ಮರಳುತ್ತಿದ್ದರೆ ಅದು ಕಣ್ಣಿನ ನಡುಪೊರೆಯ ಉರಿಯೂತವಾಗಿರಬಹುದು. ವೈದ್ಯರು ಇದನ್ನು ಯುವಿಯೈಟಿಸ್ ಎಂದು ಕರೆಯುತ್ತಾರೆ.

ಇದರ ಮೂಲವು ಎಷ್ಟೋ ವೇಳೆ ದೇಹದ ಬೇರೆಡೆಯಲ್ಲಿರುತ್ತದೆ. ಕ್ಷಯ ಮತ್ತು ಸಾರ್ಕಾಯ್ಡೋಸಿಸ್ ಎಂಬ ಎರಡು ರೋಗಗಳು ಕಣ್ಣಿನಲ್ಲಿ ಒಂದನ್ನೊಂದು ಹೋಲುವ ಚಿಹ್ನೆಗಳನ್ನು ತೋರಬಲ್ಲವು. ಚಿಕಿತ್ಸೆ ಮಾತ್ರ ಬೇರೆ. ಎರಡನೆಯದಕ್ಕೆ ಸ್ಟೀರಾಯ್ಡ್ ಮುಖ್ಯ ಔಷಧ. ಮೊದಲನೆಯದಕ್ಕೆ, ಕ್ಷಯನಿವಾರಕ ಔಷಧಗಳಿಲ್ಲದೆ ಸ್ಟೀರಾಯ್ಡನ್ನಷ್ಟೇ ನುಂಗಿಸಿದರೆ, ರೋಗಾಣುವಿಗೆ ಬಾಗಿಲು ತೆರೆದಂತಾದೀತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿಯೇ ಇರುವಾಗ ಬರಿಯ ಊಹೆಯನ್ನು ನೆಚ್ಚುವುದು ಸಲ್ಲದು.

ಕಣ್ಣಿನ ಒಳಗಿನಿಂದಲೇ ಚೂರು ತೆಗೆದು ನೋಡಬಾರದೇಕೆ? ಅದರಿಂದ ದೃಷ್ಟಿಗೇ ಅಪಾಯವುಂಟು. ಆದುದರಿಂದ ಎದೆಯ ಸಿ.ಟಿ. ಚಿತ್ರದಲ್ಲಿ ಶ್ವಾಸನಾಳದ ಬಳಿಯ ದುಗ್ಧರಸ ಗ್ರಂಥಿಗಳು ಊದಿರುವುದು ಕಂಡುಬಂದರೆ, ಅಲ್ಲಿಂದ ಸೂಜಿಯ ಮೂಲಕ ಕಿಂಚಿತ್ ಅಂಗಾಂಶವನ್ನು ಹೊರತೆಗೆಯುತ್ತಾರೆ. ಇಲ್ಲಿ ಭೌತವಿಜ್ಞಾನವೂ ನೆರವಾಗುತ್ತದೆ. ನಮ್ಮ ಕಿವಿಗೆ ಎಟುಕುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ. ಶ್ವಾಸನಾಳಕ್ಕೆ ಇಳಿಬಿಟ್ಟ ಕೊಳವೆಯ ತುದಿಯಿಂದ ಹೊರಡುವುದು ಹಲವು ದಶಲಕ್ಷ ಕಂಪನಗಳ ಶ್ರವಣಾತೀತ ಧ್ವನಿ. ಅದರ ಪ್ರತಿಧ್ವನಿಯೇ ಗೋಡೆಯಾಚೆಯ ಗ್ರಂಥಿಯನ್ನು ತೋರಿಸಿ ಸೂಜಿಗೆ ದಾರಿ ಹೇಳುತ್ತದೆ.

ಸೂಕ್ಷ್ಮದರ್ಶಕದಡಿಯಲ್ಲಿ ಜೀವಕೋಶಗಳ ಗಂಟುಗಳ ನಡುವೆ ಗಿಣ್ಣಿನಂತೆ ಸತ್ತ ಭಾಗ ಕಂಡರೆ ಕ್ಷಯದ ಶಂಕೆ ಬಲವಾಗುತ್ತದೆ. ಅಂಥದಿಲ್ಲದಿದ್ದರೆ ಸಾರ್ಕಾಯ್ಡೋಸಿಸ್‌ನ ಕಡೆಗೆ ಒಲವು. ಇದೂ ಪೂರ್ಣ ನಿರ್ಣಯವಲ್ಲ. 1882ರಲ್ಲಿ ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿಕೊಟ್ಟ ಕ್ಷಯಾಣುವನ್ನು ಆ ಅಂಗಾಂಶದಲ್ಲಿ ಬೇರೆ ಪರೀಕ್ಷೆಗಳಿಂದ ಹುಡುಕಬೇಕು. ಗ್ರಂಥಿಯಲ್ಲಿ ಕಂಡದ್ದೇ ಕಣ್ಣಿನ ಬೇನೆಗೂ ಕಾರಣವೆನ್ನುವುದು ಅನುಮಾನಪ್ರಮಾಣ. ಕಣ್ಣಿನ ಚಿಹ್ನೆಗಳೊಡನೆ ಅದು ತಾಳೆಯಾಗಬೇಕು.

ಕೆಂಪಾದ ಪ್ರತಿಯೊಂದು ಕಣ್ಣಿಗೂ ಈ ಪರೀಕ್ಷೆ ಬೇಕೆಂದು ನಾವು ವಾದಿಸುವುದಿಲ್ಲ. ಹಳ್ಳಿಯ ರೋಗಿಗೆ ದೂರದ ಆಸ್ಪತ್ರೆಯ ಪ್ರಯಾಣವೂ ವೆಚ್ಚವೂ ಹಗುರವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಗ್ರಂಥಿ ಊದಿರುವುದು ಕಂಡ ಮೇಲೂ ಸೂಜಿಗೆ ಅಂಜಿ ಹಿಂಜರಿದರೆ, ತೆರಬೇಕಾದ ಬೆಲೆ ದೃಷ್ಟಿಯೇ ಆಗಬಹುದು. ವಿದ್ಯಾರ್ಥಿಮಿತ್ರರು ತಮ್ಮ ಮನೆಯ ಹಿರಿಯರಿಗೆ ಇಷ್ಟನ್ನಾದರೂ ತಿಳಿಯಹೇಳಲಿ: ಕೆಂಪು ಇಳಿದುದು ಕಾರಣ ತಿಳಿದಂತಲ್ಲ.