ಅಂಗಡಿ ಮುಚ್ಚಿದರೂ ಒಡೆಯನಿದ್ದಾನೆ



ಹಳೆಯ ಕಂಪ್ಯೂಟರ್ ಇರುವ ಮನೆಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: "ಈ ಸಾಫ್ಟ್‌ವೇರನ್ನು ಕಂಪನಿಯವರೇ ಕೈಬಿಟ್ಟಿದ್ದಾರೆ. ದುಡ್ಡು ಕೊಡುತ್ತೇವೆಂದರೂ ಸಿಗುವುದಿಲ್ಲ. ಹಾಗಿರುವಾಗ ಇಂಟರ್ನೆಟ್‌ನಲ್ಲಿ ಹಾಕಿ ನಾಲ್ಕು ಜನರಿಗೆ ಹಂಚಿದರೆ ಯಾರಿಗೆ ನಷ್ಟ?" ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಕಾನೂನು ಏನು ಹೇಳುತ್ತದೆ? ಈ ಸಲ ಅದನ್ನೇ ವಿಚಾರಿಸೋಣ.

ನಮಗೆಲ್ಲ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ: ಪೇಜ್‌ಮೇಕರ್. ಮದುವೆಯ ಆಮಂತ್ರಣ, ಹಬ್ಬದ ಕರಪತ್ರ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಇವೆಲ್ಲ ಎಷ್ಟೋ ವರ್ಷ ಅದರಲ್ಲೇ ಸಿದ್ಧವಾದವು. 1985ರಲ್ಲಿ ಅಮೆರಿಕದ ಆಲ್ಡಸ್ ಕಂಪನಿ ಇದನ್ನು ಹೊರತಂದಿತು. 1994ರಲ್ಲಿ ಆಲ್ಡಸ್ ಅಡೋಬಿ ಕಂಪನಿಯೊಳಗೆ ಸೇರಿತು. 2001ರಲ್ಲಿ ಬಂದ 7.0 ಕೊನೆಯ ದೊಡ್ಡ ಆವೃತ್ತಿ. ಅಡೋಬಿಯವರು ಇನ್‌ಡಿಸೈನ್ ಎಂಬ ಹೊಸ ಸಾಫ್ಟ್‌ವೇರಿನತ್ತ ತಿರುಗಿ, 2004ರಲ್ಲಿ ಪೇಜ್‌ಮೇಕರಿನ ಬೆಳವಣಿಗೆಯನ್ನು ನಿಲ್ಲಿಸಿದರು. ಅಂದಮಾತ್ರಕ್ಕೆ ಅದು ಎಲ್ಲರ ಸೊತ್ತಾಯಿತೆ? ಇಲ್ಲ. ಹಕ್ಕು ಇಂದಿಗೂ ಅಡೋಬಿಯದೇ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕಥೆ, ಕಾದಂಬರಿಗಳಂತೆ ಸಾಹಿತ್ಯ ಕೃತಿಯ ಸಾಲಿನಲ್ಲೇ ಇಟ್ಟಿದೆ. ಪುಸ್ತಕವೊಂದು ಮರುಮುದ್ರಣವಾಗಲಿಲ್ಲವೆಂದು ಯಾರು ಬೇಕಾದರೂ ಅಚ್ಚುಹಾಕಿ ಹಂಚುವಂತಿಲ್ಲವಷ್ಟೆ, ಇದೂ ಹಾಗೆಯೇ. ಹೊರದೇಶದ ಕೃತಿ ಎಂಬ ನೆಪವೂ ನಡೆಯದು. ಬರ್ನ್ ಒಪ್ಪಂದಕ್ಕೆ ಭಾರತವೂ ಸೇರಿರುವುದರಿಂದ ಅವಕ್ಕೂ ಇಲ್ಲಿ ರಕ್ಷಣೆ ಉಂಟು. ಕರ್ತೃವು ತನ್ನ ಹಕ್ಕನ್ನು ಬಿಟ್ಟುಕೊಡುವುದಾದರೆ ರಿಜಿಸ್ಟ್ರಾರರಿಗೆ ನೋಟೀಸು ಕೊಡಬೇಕು, ಇಲ್ಲವೇ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು ಎನ್ನುತ್ತದೆ ಕಲಂ 21. ಸುಮ್ಮನಿರುವುದು ಬಿಟ್ಟುಕೊಟ್ಟಂತಲ್ಲ.

ಒಡೆಯ ದೂರದ ಊರಿಗೆ ಹೋದ ಮನೆಯ ಹಿತ್ತಿಲಿನ ಹಲಸಿನ ಮರವನ್ನು ನೆನೆಯಿರಿ. ಕೊಯ್ಯುವವರಿಲ್ಲ ಎಂದಮಾತ್ರಕ್ಕೆ ಮರ ನಮ್ಮದಾಗುವುದಿಲ್ಲ. "ಹಣ್ಣು ಕೊಯ್ದರೆ ಮರದಲ್ಲಿ ಒಂದು ಕಡಿಮೆಯಾಗುತ್ತದೆ, ಪ್ರತಿ ಮಾಡಿದರೆ ಮೂಲ ಹಾಗೆಯೇ ಉಳಿಯುತ್ತದಲ್ಲ?" ಎಂದು ಮಕ್ಕಳು ಕೇಳಬಹುದು. ಜಾಣ ಪ್ರಶ್ನೆಯೇ. ಆದರೆ ಇಲ್ಲಿ ಒಡೆಯನಿಗಿರುವ ಹಕ್ಕೇ ಪ್ರತಿ ಮಾಡುವ ಮತ್ತು ಹಂಚುವ ಹಕ್ಕು. ಅದನ್ನು ನಾವು ತೆಗೆದುಕೊಂಡರೆ ಅವನಿಗೆ ಉಳಿಯುವುದೇನು?

ತಿಳಿದೂ ಈ ಹಕ್ಕನ್ನು ಮೀರಿದರೆ ಕಲಂ 63ರ ಪ್ರಕಾರ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಹೇಳಿ ಶಿಕ್ಷೆಯನ್ನು ಇಳಿಸಬಹುದು. ಆದರೆ ತಪ್ಪು ತಪ್ಪೇ. ಹಳೆಯ ಸಾಫ್ಟ್‌ವೇರಿಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ ಎನ್ನುವವರಿಗೆ ಅಮೆರಿಕದ ಒಂದು ಸಂಗತಿ. ನಿಂಟೆಂಡೊ ಕಂಪನಿಯ ಹಳೆಯ ವಿಡಿಯೋ ಗೇಮ್‌ಗಳನ್ನು ಎರಡು ಜಾಲತಾಣಗಳ ಮೂಲಕ ಹಂಚುತ್ತಿದ್ದ ದಂಪತಿಯ ಮೇಲೆ 2018ರಲ್ಲಿ ಆ ಕಂಪನಿ ದಾವೆ ಹೂಡಿತು. ಅದೇ ವರ್ಷ ಅವರು 1.2 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತದ ತೀರ್ಪಿಗೆ ತಲೆಬಾಗಬೇಕಾಯಿತು.

ಹಾಗೆಂದು ಕಾನೂನಿನಲ್ಲಿ ಕುಂದೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ ಕಂಪನಿಗಾಗಿ ಸಿದ್ಧಪಡಿಸಿದ ಕೃತಿಗೆ ಪ್ರಕಟವಾದಂದಿನಿಂದ 95 ವರ್ಷದ ರಕ್ಷಣೆಯಿದೆ. ಆ ಲೆಕ್ಕದಲ್ಲಿ 1985ರ ಪೇಜ್‌ಮೇಕರ್ 2080ರ ಕೊನೆಯವರೆಗೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಅದನ್ನು ಓಡಿಸುವ ಯಂತ್ರವೂ ಇರಲಿಕ್ಕಿಲ್ಲ, ಸಿ.ಡಿ.ಯೂ ಹಾಳಾಗಿರುತ್ತದೆ. ಹತ್ತಿಪ್ಪತ್ತು ವರ್ಷ ಬಾಳುವ ವಸ್ತುವಿಗೆ ನೂರು ವರ್ಷದ ಬೀಗ ಹಾಕಿದಂತಾಯಿತು. ಈ ಬೀಗವನ್ನು ತೆಗೆಯಬೇಕಾದವರು ಶಾಸನ ಮಾಡುವವರು ಮತ್ತು ಒಡೆಯರು.

ಒಡೆಯರು ಮನಸ್ಸು ಮಾಡಿದ ಉದಾಹರಣೆಯೂ ಉಂಟು. ಎಂಎಸ್-ಡಾಸ್‌ನ ಮೊದಲ ಆವೃತ್ತಿಗಳ ಮೂಲ ಬರಹವನ್ನು ಮೈಕ್ರೋಸಾಫ್ಟ್ 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಜನರ ಮುಂದಿಟ್ಟಿತು. 2018ರಲ್ಲಿ ಯಾರು ಬೇಕಾದರೂ ಬಳಸಿ ಹಂಚಬಹುದಾದ ಪರವಾನಗಿಯನ್ನೂ ಕೊಟ್ಟಿತು. 2024ರಲ್ಲಿ 4.0 ಆವೃತ್ತಿಯೂ ಹಾಗೆಯೇ ಹೊರಬಂತು. ಇಂಥದ್ದನ್ನು ಧಾರಾಳವಾಗಿ ಹಂಚಬಹುದು. ಹಳೆಯದಾದದ್ದರಿಂದಲ್ಲ, ಒಡೆಯನೇ ಒಪ್ಪಿಗೆ ಕೊಟ್ಟದ್ದರಿಂದ.

ಹಾಗಾದರೆ ನಮ್ಮ ಮನೆಗಳಲ್ಲಿ ಏನು ಮಾಡಬಹುದು? ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್ ಹಾಳಾದೀತೆಂದು ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಲು ಕಲಂ 52 ಅವಕಾಶ ಕೊಡುತ್ತದೆ. ಆ ಪ್ರತಿ ನಮ್ಮ ಬಳಕೆಗೆ ಮಾತ್ರ. ನೆರೆಯವರಿಗೆ ಕೊಡಲಿಕ್ಕಲ್ಲ, ಜಾಲತಾಣಕ್ಕೆ ಏರಿಸಲಿಕ್ಕಲ್ಲ.

ಅದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ. ಸಾಫ್ಟ್‌ವೇರ್ ಕಂಪನಿಯದು, ಆದರೆ ಅದರಲ್ಲಿ ನಾವು ಬರೆದದ್ದು ನಮ್ಮದು. ಅಜ್ಜನ ನೆನಪಿನ ಲೇಖನ, ಊರಿನ ಚರಿತ್ರೆ, ಸಂಚಿಕೆಯ ಪುಟಗಳು ಹಳೆಯ ಫೈಲುಗಳಲ್ಲೇ ಸಿಕ್ಕಿಕೊಂಡಿರಬಹುದು. ಗಡಿಯಾಚೆ ಇರುವ ನಮ್ಮಂಥವರ ಕನ್ನಡ ಬರಹಕ್ಕೆ ಎಷ್ಟೋ ಸಲ ಅದೊಂದೇ ಪ್ರತಿ. ಅವನ್ನು ಬಿಡಿಸಿಕೊಳ್ಳಲು ಕದ್ದ ಪೇಜ್‌ಮೇಕರ್ ಬೇಕಿಲ್ಲ. ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವ ಲಿಬ್ರೆ ಆಫೀಸ್ 2015ರಿಂದಲೇ ಪೇಜ್‌ಮೇಕರ್ ಫೈಲುಗಳನ್ನು ತೆರೆಯಬಲ್ಲದು. ಪುಟದ ಅಂದ ಅಲ್ಲಿ ಇಲ್ಲಿ ಕೆಡಬಹುದು. ಹಳೆಯ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳು ಅರ್ಥವಾಗದ ಚಿಹ್ನೆಗಳಂತೆ ಕಂಡಾವು. ಆಗ ಬಲ್ಲವರ ಸಹಾಯದಿಂದ ಯೂನಿಕೋಡಿಗೆ ಬದಲಾಯಿಸಿ, ಪಿ.ಡಿ.ಎಫ್. ಮಾಡಿ, ಎರಡು ಕಡೆ ಇಟ್ಟುಕೊಳ್ಳಿ. ಕಪಾಟಿನ ಸಿ.ಡಿ. ಇನ್ನೂ ಓಡುತ್ತಿರುವಾಗಲೇ ಈ ಕೆಲಸ ಮುಗಿಸುವುದು ಲೇಸು.

ಯಾರೂ ಕೇಳುವುದಿಲ್ಲ ಎಂಬುದು ಒಪ್ಪಿಗೆಯಲ್ಲ. ಮನೆಯ ಮಕ್ಕಳಿಗೆ ಇಷ್ಟು ತಿಳಿಸಿ ಹೇಳಿದರೆ ಸಾಕು.